ಯೋಗ ಕ್ಲಾಸಿಗೆ ಯಾವ ಸಂಗೀತ, ಯಾವ ಮಂತ್ರ? ಕೊಡಗಿನವರು ಸ್ವಲ್ಪ ಹೇಳಿ

ತೋಟದಮನೆ · ಜೂನ್ 3, ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ಸುಂಟಿಕೊಪ್ಪದ ಹತ್ತಿರ ನಮ್ಮೂರಿನ ಸಮುದಾಯ ಭವನದಲ್ಲಿ ಬೆಳಿಗ್ಗೆ 6:15ಕ್ಕೆ ಯೋಗ ಹೇಳಿಕೊಡುತ್ತೇನೆ. ಫೀಸ್ ಇಲ್ಲ, ಬೋರ್ಡೂ ಇಲ್ಲ. 14 ಜನ ಬರುತ್ತಾರೆ, ಮಳೆ ಜೋರಾದರೆ 9. ಅರ್ಧ ಜನ ಅರವತ್ತು ದಾಟಿದವರು. ಸಂಗೀತದ ವಿಷಯದಲ್ಲಿ ನನಗೆ ತಲೆ ಕೆಟ್ಟುಹೋಗಿದೆ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಹೋದ ವಾರ ಆದದ್ದು ಹೇಳುತ್ತೇನೆ. ಕೊನೆಗೆ ಶವಾಸನ. ಮೊಬೈಲಿನಲ್ಲಿ ಕೊಳಲು ಹುಡುಕಿ ಹಾಕಿ ಸ್ಪೀಕರನ್ನು ಕಿಟಕಿ ಮೇಲೆ ಇಟ್ಟಿದ್ದೆ. ಹೊರಗೆ ಮಂಜು, ಒಳಗೆ ಎಲ್ಲರೂ ಶಾಲು ಹೊದ್ದು ಮಲಗಿದ್ದಾರೆ, ಒಬ್ಬರ ಗೊರಕೆಯೂ ಶುರುವಾಗಿತ್ತು. ಇದ್ದಕ್ಕಿದ್ದಂತೆ ಕೊಳಲು ನಿಂತು, ಯಾರೋ ಒಬ್ಬ "ನಿಮ್ಮ ಬೋರ್‌ವೆಲ್ ಮೋಟಾರ್ ಪದೇ ಪದೇ ಸುಟ್ಟುಹೋಗುತ್ತಿದೆಯೇ?" ಎಂದು ಅರಚಿದ. ಜಾಹೀರಾತು. ಗೊರಕೆ ಹೊಡೆಯುತ್ತಿದ್ದ ಮಾವ ದಡಕ್ಕನೆ ಎದ್ದು ಕೂತು "ಯಾರದ್ದು? ನಮ್ಮದಾ?" ಅಂದರು. ಇನ್ನೆಲ್ಲಿಯ ಶವಾಸನ.

ಅದು ನಗುವ ಮಾತು, ಬಿಡಿ. ಬೇರೆ ತಕರಾರುಗಳಿವೆ. ಒಬ್ಬ ಅಜ್ಜಿಗೆ ಗಾಯತ್ರಿ ಹಾಕಲೇಬೇಕು, ಇಲ್ಲದಿದ್ದರೆ ಅದು ಯೋಗ ಅಲ್ಲ, ಡ್ರಿಲ್ ಅಂತೆ. ಕಿವಿಗೆ ಮಿಷನ್ ಹಾಕುವ ಇನ್ನೊಬ್ಬರಿಗೆ ಯಾವ ಸಂಗೀತ ಹಾಕಿದರೂ ನನ್ನ ಮಾತು ಕೇಳಿಸುವುದಿಲ್ಲ. ಎಡಗಾಲು ಅಂದರೆ ಬಲಗಾಲು ಎತ್ತುತ್ತಾರೆ. ಮತ್ತೆ ಒಬ್ಬ ಹುಡುಗಿ ಇದ್ದಾಳೆ, ನಾನು ಮಂತ್ರ ಹಾಕಿದ ಕೂಡಲೇ ಸುಮ್ನೆ ಎದ್ದು ಜಗುಲಿಗೆ ಹೋಗಿ ನಿಲ್ಲುತ್ತಾಳೆ, ಮುಗಿದ ಮೇಲೆ ಬಂದು ಚಾಪೆ ಮೇಲೆ ಕೂರುತ್ತಾಳೆ. ಏನೂ ಹೇಳಿಲ್ಲ. ನಾನೂ ಕೇಳಿಲ್ಲ. ಆದರೆ ಅದೇ ನನಗೆ ಎಲ್ಲಕ್ಕಿಂತ ಜಾಸ್ತಿ ಚುಚ್ಚುತ್ತಿದೆ.

ನೀವೆಲ್ಲ ಏನು ಹಾಕುತ್ತೀರಿ? ಹಾಕುತ್ತೀರಾ?

ಮಡಿಕೇರಿ ಮಂಜು · ಜೂನ್ 3, ರಾತ್ರಿ 9:31

ಮೊದಲು ಏರೋಪ್ಲೇನ್ ಮೋಡ್, ಆಮೇಲೆ ಮಂತ್ರ. ಹಾಡನ್ನು ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ ಅಕ್ಕಾ. ನಮ್ಮ ಕಡೆ ಜೂನ್ ಬಂತು ಅಂದರೆ ನೆಟ್‌ವರ್ಕೂ ಇಲ್ಲ ಕರೆಂಟೂ ಇಲ್ಲ, ನೇರ ಇಂಟರ್ನೆಟ್ಟಿನಿಂದ ಹಾಕುವವರ ಧೈರ್ಯ ಮೆಚ್ಚಬೇಕು.

ಮೋಟಾರ್ ಕೊನೆಗೆ ಯಾರದ್ದಂತೆ?

ಮೈಸೂರು ಬಸ್ · ಜೂನ್ 3, ರಾತ್ರಿ 10:05

ನಾನು ಹೇಳುವುದು ಹಲವರಿಗೆ ಹಿಡಿಸಲ್ಲ. ಆಸನ ಮಾಡುವಾಗ ಯಾವ ಸಂಗೀತವೂ ಬೇಡ.

ನಾನು ಮೈಸೂರಿನಲ್ಲಿ ಎರಡು ವರ್ಷ ಕಲಿತೆ. ಅಲ್ಲಿ ಪಟ್ಟಾಭಿ ಜೋಯಿಸರ ಪದ್ಧತಿಯಲ್ಲಿ ಶುರುವಿಗೆ ಎಲ್ಲರೂ ನಿಂತು ಒಂದು ಶ್ಲೋಕ ಹೇಳುತ್ತಾರೆ, "ವಂದೇ ಗುರೂಣಾಂ" ಅಂತ ಶುರುವಾಗುತ್ತದೆ. ಅದರ ಮೊದಲ ಭಾಗ ಯೋಗತಾರಾವಳಿಯದ್ದು, ಶಂಕರಾಚಾರ್ಯರದ್ದು ಎನ್ನುತ್ತಾರೆ. ಅಷ್ಟೇ. ಆಮೇಲೆ ಹಾಲಿನಲ್ಲಿ ಕೇಳುವುದು ಉಸಿರು ಮಾತ್ರ. ನಲವತ್ತು ಜನ ಒಟ್ಟಿಗೆ ಉಸಿರಾಡುವ ಸದ್ದು ಕೇಳಿದ್ದೀರಾ? ಬೆಳಗಿನ ಜಾವ ದೂರದಲ್ಲಿ ಹೊಳೆ ಹರಿದ ಹಾಗೆ ಇರುತ್ತದೆ. ಅಯ್ಯಂಗಾರ್ ಪದ್ಧತಿಯವರೂ ಪತಂಜಲಿ ಪ್ರಾರ್ಥನೆ ಹೇಳಿ ಶುರು ಮಾಡುತ್ತಾರೆ, ನಡುವೆ ಹಾಡು ಹಾಕುವುದಿಲ್ಲ. ಜೋಯಿಸರೂ ಅಯ್ಯಂಗಾರರೂ ಇಬ್ಬರೂ ಕೃಷ್ಣಮಾಚಾರ್ಯರ ಶಿಷ್ಯರು. 1933ರಿಂದ ಜಗನ್ಮೋಹನ ಅರಮನೆಯಲ್ಲಿ ಅವರ ಯೋಗಶಾಲೆ ನಡೆಯುತ್ತಿತ್ತು. ಮೈಸೂರು ನಮ್ಮಿಂದ ಮೂರು ಗಂಟೆ ದಾರಿ, ಆದರೂ ನಾವು ಯೋಗ ಸಂಗೀತ ಅಂತ ಹುಡುಕಿದರೆ ಸಿಗುವುದು ಯಾರೋ ಸಮುದ್ರದ ಅಲೆಗೆ ಪಿಯಾನೋ ಬೆರೆಸಿದ್ದು.

ಕಾರಣ ಸರಳ. ಉಸಿರಿನ ಸದ್ದೇ ಮೇಷ್ಟ್ರು. ಹಿಡಿದಿದ್ದೀನಾ, ಎಳೆಯುತ್ತಿದ್ದೀನಾ, ಜಾಸ್ತಿ ಹಠ ಮಾಡುತ್ತಿದ್ದೀನಾ, ಎಲ್ಲ ಅದರಲ್ಲೇ ಗೊತ್ತಾಗುತ್ತದೆ. ಅದರ ಮೇಲೆ ಕೊಳಲು ಹಾಕಿದರೆ ಮೇಷ್ಟ್ರ ಬಾಯಿ ಮುಚ್ಚಿಸಿದ ಹಾಗೆ.

ಶ್ರುತಿಪೆಟ್ಟಿಗೆ · ಜೂನ್ 4, ಬೆಳಿಗ್ಗೆ 7:50

ಕುಶಾಲನಗರದಲ್ಲಿ ಮಕ್ಕಳಿಗೆ ಸಂಗೀತ ಪಾಠ ಹೇಳುತ್ತೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಬೇಡಿ.

ಮೈಸೂರು ಬಸ್ ಹೇಳಿದ್ದು ಅಭ್ಯಾಸ ಆದವರಿಗೆ ಸರಿ. ಮೊಣಕಾಲು ನೋವಿನ ಅರವತ್ತರ ಅಮ್ಮಂದಿರು ಮೊದಲ ತಿಂಗಳಲ್ಲೇ ತಮ್ಮ ಉಸಿರು ಕೇಳುತ್ತಾ ಕೂರುತ್ತಾರಾ? ಅವರಿಗೆ ಆ ಮೌನವೇ ಭಯ. ಏನೋ ಒಂದು ಸದ್ದು ಇರಲಿ. ಆದರೆ ಯಾವುದು ಅನ್ನುವುದು ಮುಖ್ಯ, ಮತ್ತು ಅದನ್ನು "ಮೂಡ್" ನೋಡಿ ಆರಿಸಬೇಡಿ, ಲಯ ನೋಡಿ ಆರಿಸಿ.

ಲೆಕ್ಕ ಹೀಗೆ. ಆದಿತಾಳದಲ್ಲಿ ಒಂದು ಆವರ್ತಕ್ಕೆ, ಅಂದರೆ ತಾಳದ ಒಂದು ಸುತ್ತಿಗೆ, ಎಂಟು ಅಕ್ಷರ, ಅಂದರೆ ಎಂಟು ಎಣಿಕೆ. ಗಡಿಯಾರದ ಸೆಕೆಂಡಿಗೆ ಒಂದು ಅಕ್ಷರ ಇಟ್ಟರೆ ಒಂದು ಆವರ್ತಕ್ಕೆ ಎಂಟು ಸೆಕೆಂಡು. ನಾಲ್ಕಕ್ಕೆ ಉಸಿರು ಒಳಗೆ, ನಾಲ್ಕಕ್ಕೆ ಹೊರಗೆ. ನಿಮಿಷಕ್ಕೆ ಏಳೂವರೆ ಉಸಿರು. ಒಳ್ಳೇ ನಿಧಾನ. ಈಗ ಕ್ಲಾಸಿನಲ್ಲಿ ಹಾಕುವ ಭಜನೆ ತಗೊಳ್ಳಿ, ಅದರ ಓಟ ಸುಮಾರು ಇದರ ಎರಡು ಪಟ್ಟು ಇರುತ್ತದೆ. ಕಿವಿ ಅದನ್ನು ಹಿಡಿದರೆ ಉಸಿರು ನಿಮಿಷಕ್ಕೆ 15 ಆಗುತ್ತದೆ. ಅಂದರೆ ಸುಮ್ನೆ ಕೂತಾಗಿನ ಉಸಿರೇ ಆಯಿತು, ಯೋಗ ಮಾಡಿ ಏನು ಬಂತು? ನೀವು ಬಾಯಲ್ಲಿ "ನಿಧಾನ, ನಿಧಾನ" ಅನ್ನುತ್ತೀರಿ, ಸ್ಪೀಕರ್ "ಬೇಗ ಬೇಗ" ಅನ್ನುತ್ತಿರುತ್ತದೆ. ಜನ ಸ್ಪೀಕರಿನ ಮಾತೇ ಕೇಳುತ್ತಾರೆ.

ಅದಕ್ಕೆ ನನ್ನ ಸಲಹೆ ತಂಬೂರಿ. ಹಾಡಿಲ್ಲದ ಬರೀ ತಂಬೂರಿ. ಪ, ಸಾ, ಸಾ, ಸ. ನಾಲ್ಕು ತಂತಿ. ಮೀಟು ಇದೆ, ತಾಳ ಇಲ್ಲ, ಹಾಗಾಗಿ ಯಾರ ಉಸಿರನ್ನೂ ಓಡಿಸುವುದಿಲ್ಲ. ಮೊಬೈಲಿನಲ್ಲಿ ತಂಬೂರಿ ಆ್ಯಪ್‌ಗಳು ಬೇಕಾದಷ್ಟಿವೆ. ಹಳೇ ಎಲೆಕ್ಟ್ರಾನಿಕ್ ಪೆಟ್ಟಿಗೆ ಯಾರ ಮನೆಯಲ್ಲಾದರೂ ಅಟ್ಟದ ಮೇಲೆ ಇದ್ದರೆ ಇನ್ನೂ ಒಳ್ಳೆಯದು, ಅದಕ್ಕೆ ಜಾಹೀರಾತು ಬರಲ್ಲ.

ರಾಗ ಬೇಕೇ ಬೇಕು ಅನ್ನುವವರಿಗೆ: ಬೆಳಗಿಗೆ ಭೂಪಾಳ, ಬೌಳಿ. ಹಿಂದೂಸ್ತಾನಿಯಲ್ಲಿ ಭೈರವ್, ಅಹಿರ್ ಭೈರವ್. ಒಂದು ಎಡವಟ್ಟು ಎಲ್ಲರೂ ಮಾಡುತ್ತಾರೆ. ಹಿಂದೂಸ್ತಾನಿ ಭೂಪಾಲಿ ಬೇರೆ, ನಮ್ಮ ಭೂಪಾಳ ಬೇರೆ. ಭೂಪಾಲಿ ಅಂದರೆ ನಮ್ಮ ಮೋಹನದ ಸ್ವರಗಳು, ಅದು ಅವರಲ್ಲಿ ರಾತ್ರಿಯ ಮೊದಲ ಜಾವದ ರಾಗ. ಹೆಸರು ನೋಡಿ ಬೆಳಗಿಗೆ ಹಾಕಿಬಿಡುತ್ತಾರೆ. ಹಾಕಿದರೆ ಪಾಪ ಏನೂ ಬರಲ್ಲ, ಆದರೆ ಗೊತ್ತಿರಲಿ.

ಅರೆಭಾಷೆ ಹುಡುಗ · ಜೂನ್ 4, ಬೆಳಿಗ್ಗೆ 9:15

432 ಹರ್ಟ್ಸ್ ಇರುವ ಮ್ಯೂಸಿಕ್ ಹಾಕಿ ಅಂತ ಎಲ್ಲ ಕಡೆ ಹೇಳುತ್ತಾರಲ್ಲ, ಅದು ಪ್ರಕೃತಿಯ ಕಂಪನ, 440 ಆದರೆ ಟೆನ್ಷನ್ ಜಾಸ್ತಿ ಅಂತ? ನಮ್ಮ ಭಾಗಮಂಡಲದ ಹೋಂಸ್ಟೇಯಲ್ಲಿ ಬರುವ ಗೆಸ್ಟುಗಳು ಅದನ್ನೇ ಕೇಳುತ್ತಾರೆ.

ಶ್ರುತಿಪೆಟ್ಟಿಗೆ · ಜೂನ್ 4, ಬೆಳಿಗ್ಗೆ 9:40

ತಮ್ಮಾ, 440 ಅನ್ನುವುದು ವಾದ್ಯಗಳೆಲ್ಲ ಒಂದೇ ಶ್ರುತಿಗೆ ಸೇರಲಿ ಅಂತ ಪಶ್ಚಿಮದವರು ಮಾಡಿಕೊಂಡ ಒಪ್ಪಂದ. ಅದಕ್ಕೂ 432ಕ್ಕೂ ಇರುವ ಅಂತರ ಹಾರ್ಮೋನಿಯಂನ ಪಕ್ಕಪಕ್ಕದ ಎರಡು ಮನೆಗಳ ಅಂತರದ ಮೂರನೇ ಒಂದು ಭಾಗ. ನಮ್ಮ ಸಂಗೀತಕ್ಕಂತೂ ಈ ಜಗಳವೇ ಇಲ್ಲ. ನಮ್ಮಲ್ಲಿ ಷಡ್ಜ ಎಲ್ಲಿದೆ ಅಂದರೆ ಹಾಡುವವರ ಗಂಟಲಲ್ಲಿದೆ. ನಿನ್ನ ಸ ಬೇರೆ, ನಿನ್ನ ಅಕ್ಕನ ಸ ಬೇರೆ. ಪ್ರಕೃತಿ ಎಲ್ಲರಿಗೂ ಒಂದೇ ನಂಬರ್ ಕೊಟ್ಟಿದ್ದರೆ ನಾವು ಶ್ರುತಿ ಪೆಟ್ಟಿಗೆಗೆ ಗುಂಡಿ ಯಾಕೆ ಇಡಬೇಕಿತ್ತು?

ಗೆಸ್ಟುಗಳು ಕೇಳಿದರೆ ಹಾಕು. ದುಡ್ಡು ಕೊಡುವವರು ಅವರು.

ಅಡಿಗೆಮನೆ ರೇಡಿಯೋ · ಜೂನ್ 4, ಮಧ್ಯಾಹ್ನ 2:30

ಆ ಗಾಯತ್ರಿ ಕೇಳುವ ಅಜ್ಜಿ ನಾನಲ್ಲ, ಆದರೆ ನಾನೂ ಅವರ ಪಾರ್ಟಿ. ನಲವತ್ತು ವರ್ಷದಿಂದ ಬೆಳಿಗ್ಗೆ ಒಲೆ ಹಚ್ಚುವಾಗ ರೇಡಿಯೋ ಹಾಕುತ್ತೇನೆ. ಮಡಿಕೇರಿ ಆಕಾಶವಾಣಿ ಬರುವ ಮೊದಲು ಮೈಸೂರು ಸ್ಟೇಷನ್ನು ಗೊರಗೊರ ಅನ್ನುತ್ತಿತ್ತು, ಆದರೂ ಹಾಕುತ್ತಿದ್ದೆ. ಅಕ್ಕಿ ರೊಟ್ಟಿ ತಟ್ಟುತ್ತಾ ಸ್ತೋತ್ರ ಕೇಳುತ್ತೇನೆ. ಅರ್ಥ ಎಲ್ಲ ಗೊತ್ತಿಲ್ಲ. ಮನಸ್ಸಿಗೆ ಹಿತ. ಅದು ತಪ್ಪಾ? ಇಲ್ಲಿ ಎಲ್ಲರೂ ಲೆಕ್ಕ ಹಾಕುತ್ತಿದ್ದೀರಿ, ಉಸಿರು ಏಳೂವರೆ ಅಂತೆ. ಭಕ್ತಿಗೂ ಸ್ಟಾಪ್ ವಾಚಾ?

ಮೈಸೂರು ಬಸ್ · ಜೂನ್ 4, ಸಂಜೆ 6:10

ತಪ್ಪಲ್ಲ ಅಮ್ಮಾ, ಖಂಡಿತ ತಪ್ಪಲ್ಲ. ರೊಟ್ಟಿ ತಟ್ಟುವಾಗ ನೀವು ರೊಟ್ಟಿ ತಟ್ಟುತ್ತೀರಿ, ನಿಮ್ಮ ಅಡಿಗೆಮನೆ, ನಿಮ್ಮ ರೇಡಿಯೋ. ಇಲ್ಲಿ 14 ಜನರ ಕ್ಲಾಸು.

ಮಂತ್ರದ ಬಗ್ಗೆ ನನಗೆ ಇರುವ ಜಗಳ ಬೇರೆ. ಮಂತ್ರ ಬಾಯಲ್ಲಿ ಹೇಳುವುದಕ್ಕೆ ಇರುವುದು, ಗೋಡೆಗೆ ಬಣ್ಣ ಬಳಿದ ಹಾಗೆ ಹಿಂದೆ ಹಾಕುವುದಕ್ಕಲ್ಲ. ಪತಂಜಲಿಯ ಯೋಗಸೂತ್ರದಲ್ಲಿ ಮೊದಲ ಪಾದದ 27, 28ನೇ ಸೂತ್ರ ನೋಡಿ. ಪ್ರಣವ, ಅಂದರೆ ಓಂಕಾರ, ಈಶ್ವರನ ಹೆಸರು, ಅದನ್ನು ಜಪಿಸಿ ಅದರ ಅರ್ಥದಲ್ಲಿ ಮನಸ್ಸಿಡಿ, ಅಷ್ಟೇ ಹೇಳಿರುವುದು. ಗಾಯತ್ರಿ ತಗೊಳ್ಳಿ. ಮೂರು ಸಾಲು, ಸಾಲಿಗೆ ಎಂಟು ಅಕ್ಷರ, ಒಟ್ಟು 24. ಒಂದೊಂದು ಸಾಲೂ ಒಂದು ಉಸಿರಿಗೆ ಆರಾಮಾಗಿ ಕೂರುತ್ತದೆ. ಅದಕ್ಕೆ ವೇದದ ಮೂರು ಸ್ವರ, ಮೇಲೆ ಕೆಳಗೆ ಮಧ್ಯ. ಈಗ ಸಿಗುವ ರೆಕಾರ್ಡಿಂಗಿನಲ್ಲಿ ಅದಕ್ಕೆ ಕೀಬೋರ್ಡ್, ಕೋರಸ್, ಗುಡುಗಿನ ಸದ್ದು ಎಲ್ಲ ಸೇರಿಸಿ 108 ಸಲ ಓಡಿಸುತ್ತಾರೆ. ಅದು ಹಾಡು. ಹಾಡಾಗಿ ಕೇಳಿ, ಸಂತೋಷ.

ಸೂರ್ಯ ನಮಸ್ಕಾರಕ್ಕೆ ಮಂತ್ರ ಬೇಕು ಅಂದರೆ ತಯಾರಾಗಿಯೇ ಇದೆಯಲ್ಲ. ಮಿತ್ರಾಯ, ರವಯೇ, ಸೂರ್ಯಾಯ, ಭಾನವೇ, ಹೀಗೆ ಭಾಸ್ಕರಾಯ ತನಕ 12 ಹೆಸರು. ಒಂದು ಸುತ್ತಿಗೆ ಒಂದು ಹೆಸರು. ಆದರೆ ನಿಂತಾಗ ಹೇಳಿ ಮುಗಿಸಿ, ಆಮೇಲೆ ಬಗ್ಗಿ. ಕೆಲವರು ಬಗ್ಗುತ್ತಾ ಹೇಳಿಸುತ್ತಾರೆ. ಹೇಳುವುದು ಅಂದರೆ ಉಸಿರು ಬಿಡುವುದೇ ಅಲ್ವಾ? ಒಳಗೆ ಎಳೆಯಬೇಕಾದ ಜಾಗದಲ್ಲಿ ಬಾಯಿ ಆಡಿಸಿದರೆ ನಾಲ್ಕನೇ ಸುತ್ತಿಗೆ ಏದುಸಿರು.

ಏಲಕ್ಕಿ ಚಹಾ · ಜೂನ್ 4, ರಾತ್ರಿ 8:45

ತೋಟದಮನೆ ಅಕ್ಕಾ, ಜಗುಲಿಗೆ ಹೋಗಿ ನಿಲ್ಲುವ ಹುಡುಗಿ ಯಾರೋ ಗೊತ್ತಿಲ್ಲ, ಆದರೆ ನಾನೂ ಹೀಗೇ ನಿಂತಿದ್ದೇನೆ, ಅದಕ್ಕೆ ಬರೆಯುತ್ತಿದ್ದೇನೆ. ನಾವು ಸಿದ್ದಾಪುರದ ಕಡೆಯ ಮುಸ್ಲಿಮರು. ಬೆನ್ನು ನೋವಿಗೆ ಡಾಕ್ಟರು ಯೋಗ ಮಾಡಿ ಅಂದರು, ಒಂದು ಕ್ಲಾಸಿಗೆ ಸೇರಿದೆ. ಟೀಚರ್ ತುಂಬಾ ಒಳ್ಳೆಯವರು.

ನನಗೆ ಬೇರೆಯವರು ಓಂ ಹೇಳಿದರೆ ಏನೂ ತೊಂದರೆ ಇಲ್ಲ. ಅವರು ಹೇಳುವಾಗ ನಾನು ಕಣ್ಣು ಮುಚ್ಚಿ ಕೂರುತ್ತೇನೆ, ನನ್ನ ಮನಸ್ಸಿನಲ್ಲಿ ನನ್ನದು ಹೇಳಿಕೊಳ್ಳುತ್ತೇನೆ. ಯಾರೂ ಕೇಳಲ್ಲ, ನಾನೂ ಹೇಳಲ್ಲ. ಕಷ್ಟ ಆಗುವುದು ಸ್ಪೀಕರಿನಲ್ಲಿ ಹಾಕಿದಾಗ. ನಲವತ್ತು ನಿಮಿಷ ತಲೆ ಮೇಲೆ ಅದೇ ಓಡುತ್ತಿದ್ದರೆ ಅದರೊಳಗೇ ಕೈಕಾಲು ಆಡಿಸಬೇಕು. ಬಾಯಲ್ಲಿ ಹೇಳುವುದಾದರೆ ಸುಮ್ನೆ ಇರುವ ದಾರಿ ಒಂದು ಇರುತ್ತದೆ. ಸ್ಪೀಕರಿಗೆ ಆ ದಾರಿ ಇಲ್ಲ. ಹೊರಗೆ ಹೋಗಿ ನಿಲ್ಲುವುದೇ.

ಅವಳನ್ನು ಎಲ್ಲರ ಮುಂದೆ ಕೇಳಬೇಡಿ ಅಕ್ಕಾ. ಚಹಾ ಕುಡಿಯುವಾಗ ಕೇಳಿ.

ತೋಟದಮನೆ · ಜೂನ್ 4, ರಾತ್ರಿ 9:02

ನಿಮ್ಮ ಮಾತು ಮೂರು ಸಲ ಓದಿದೆ. ನನಗೆ ಇದು ಹೊಳೆದೇ ಇರಲಿಲ್ಲ. ನಾನು ಮಂತ್ರ ಬೇಕಾ ಬೇಡವಾ ಅಂತಲೇ ಯೋಚಿಸುತ್ತಿದ್ದೆ, ಬಾಯಾ ಸ್ಪೀಕರಾ ಅಂತ ಯೋಚಿಸಿರಲಿಲ್ಲ.

ಜಪಸರ · ಜೂನ್ 5, ಬೆಳಿಗ್ಗೆ 6:30

ವಿರಾಜಪೇಟೆಯಿಂದ. ನಮ್ಮದು ಸಂತ ಅನ್ನಮ್ಮನವರ ಚರ್ಚು, 1792ರದ್ದು. ನಾನು ನರ್ಸ್ ಆಗಿದ್ದವಳು, ಈಗ ರಿಟೈರ್ಡ್. ಒಂದು ಸ್ವಾರಸ್ಯದ ವಿಷಯ ಹೇಳಬೇಕು ಅನ್ನಿಸಿತು.

2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಟಲಿಯ ಡಾಕ್ಟರುಗಳ ಒಂದು ಅಧ್ಯಯನ ಬಂತು. 23 ಜನ ಆರೋಗ್ಯವಂತರು. ಅವರಿಗೆ ಒಮ್ಮೆ ಜಪಸರದ ಪ್ರಾರ್ಥನೆಯನ್ನು ಲ್ಯಾಟಿನ್‌ನಲ್ಲಿ ಹೇಳಿಸಿದರು, ಇನ್ನೊಮ್ಮೆ "ಓಂ ಮಣಿ ಪದ್ಮೇ ಹೂಂ" ಹೇಳಿಸಿದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ಹೃದಯದ ಬಡಿತ, ರಕ್ತದೊತ್ತಡ ಇವುಗಳ ಏರಿಳಿತವೂ ಆ ಉಸಿರಿಗೆ ಹೊಂದಿಕೊಂಡಿತು. ನಮ್ಮ ಅಜ್ಜಿ ಸಂಜೆ ಹೇಳುತ್ತಿದ್ದ ಪ್ರಾರ್ಥನೆಗೂ ಬೈಲುಕುಪ್ಪೆಯ ಲಾಮಾಗಳು ಮಣಿ ಎಣಿಸುತ್ತಾ ಹೇಳುವುದಕ್ಕೂ ಉಸಿರಿನ ಲೆಕ್ಕ ಒಂದೇ.

ಅದರಲ್ಲಿ ಒಂದು ಗುಟ್ಟಿದೆ. ಜಪಸರದಲ್ಲಿ ಅರ್ಧ ಒಬ್ಬರು ಹೇಳುತ್ತಾರೆ, ಉಳಿದ ಅರ್ಧ ಮಿಕ್ಕವರು. ನಾನು ಹೇಳುವಾಗ ಉಸಿರು ಹೋಗುತ್ತದೆ, ಅವರು ಹೇಳುವಾಗ ನನಗೆ ಎಳೆದುಕೊಳ್ಳಲು ಸಮಯ ಸಿಗುತ್ತದೆ. ಕ್ಲಾಸಿನಲ್ಲಿ ಏನೇ ಹೇಳಿಸಿ, ಹೀಗೆ ಎರಡು ಪಾಲು ಮಾಡಿ. ಎಲ್ಲರೂ ಒಟ್ಟಿಗೆ ಹೇಳಿದರೆ ವಯಸ್ಸಾದವರು ಅರ್ಧಕ್ಕೇ ಉಸಿರು ಸಾಲದೆ ಕೆಮ್ಮುತ್ತಾರೆ, ನೋಡಿದ್ದೇನೆ.

ಸೈಕಲ್ ಸವಾರ · ಜೂನ್ 5, ಬೆಳಿಗ್ಗೆ 8:10

ಬೈಲುಕುಪ್ಪೆ ಅಂದಿದ್ದಕ್ಕೆ ಬಂದೆ. ಕುಶಾಲನಗರದಿಂದ ಭಾನುವಾರ ಸೈಕಲ್‌ನಲ್ಲಿ ಸೇತುವೆ ದಾಟಿ ಅಲ್ಲಿನ ಟಿಬೆಟನ್ ಮಠ ನಾಮ್‌ಡ್ರೋಲಿಂಗ್‌ಗೆ ಹೋಗುತ್ತೇನೆ. ಪ್ರಾರ್ಥನೆ ನಡೆಯುವಾಗ ಹಿಂದೆ ಕೂತರೆ ಆ ತಗ್ಗಿನ ದನಿ ನೆಲದಿಂದಲೇ ಬಂದ ಹಾಗೆ ಎದೆಗೆ ಗುದ್ದುತ್ತದೆ. ಅದೇ ಥರದ್ದೊಂದು ರೆಕಾರ್ಡಿಂಗ್ ಹುಡುಕಿ ಮನೆಯಲ್ಲಿ ಪ್ರಾಣಾಯಾಮಕ್ಕೆ ಹಾಕಿದೆ. ಹತ್ತನೇ ನಿಮಿಷಕ್ಕೆ ಆ ಉದ್ದ ಕಹಳೆ, ತಾಳ, ನಗಾರಿ ಎಲ್ಲ ಒಟ್ಟಿಗೆ ಶುರುವಾಯಿತು. ನಮ್ಮ ನಾಯಿ ಇವತ್ತಿಗೂ ಆ ರೂಮಿಗೆ ಬರಲ್ಲ.

ಪೂರ್ತಿ ಕೇಳಿ ನೋಡಿ, ಆಮೇಲೆ ಹಾಕಿ. ಅಷ್ಟೇ ನನ್ನ ಸಲಹೆ.

ಹಳೇ ಫೌಜಿ · ಜೂನ್ 5, ಬೆಳಿಗ್ಗೆ 11:00

ಪೊನ್ನಂಪೇಟೆ. ಇಪ್ಪತ್ತೆರಡು ವರ್ಷ ಫೌಜಿನಲ್ಲಿದ್ದೆ. ಪಿಟಿ ಮಾಡಿದ್ದು "ಏಕ್ ದೋ ತೀನ್" ಮೇಲೆ, ಸಂಗೀತ ಗಿಂಗೀತ ಇಲ್ಲ. ನಮ್ಮಲ್ಲಿ ಈಗ ಸಂಜೆ ಗುಂಪಿನಲ್ಲಿ ನಾನೇ ಎಣಿಸುತ್ತೇನೆ, ಕನ್ನಡದಲ್ಲಿ. ಒಂದು ಎರಡು ಮೂರು ನಾಲ್ಕು. ಎಣಿಕೆಗೆ ಜಾತಿ ಇಲ್ಲ ಮತ ಇಲ್ಲ, ಬ್ಯಾಟರಿ ಬೇಡ.

ಮಗಳೇ, ಇನ್ನೊಂದು ಮಾತು. ಜಪಸರದವರು ಹೇಳಿದ ಆ ಎರಡು ಪಾಲು ನಮಗೇನು ಹೊಸದಲ್ಲ. ಪುತ್ತರಿ ಸುಗ್ಗಿ ಹಬ್ಬಕ್ಕೆ ದುಡಿ ಹಿಡಿದು ಹಾಡುವುದು ಹೇಗೆ? ನಾಲ್ಕು ಜನ, ಇಬ್ಬರು ಒಂದು ಸಾಲು ಎತ್ತುತ್ತಾರೆ, ಇನ್ನಿಬ್ಬರು ತಗೊಳ್ಳುತ್ತಾರೆ. ಅದಕ್ಕೇ ರಾತ್ರಿಯಿಡೀ ಹಾಡಿದರೂ ಗಂಟಲು ಕಟ್ಟಲ್ಲ. ನಮ್ಮ ದುಡಿಯನ್ನೇ ಎಣಿಕೆಗೆ ಇಟ್ಟುಕೊಂಡರೆ ಹೇಗೆ ಅಂತ ಒಮ್ಮೆ ಪ್ರಯತ್ನ ಮಾಡಿದೆ. ನಿಧಾನಕ್ಕೆ ಬಾರಿಸಿ ವೀರಭದ್ರಾಸನ ಮಾಡಿಸಿದೆ.

ಮಡಿಕೇರಿ ಮಂಜು · ಜೂನ್ 5, ಬೆಳಿಗ್ಗೆ 11:04

ಆಮೇಲೆ?

ಹಳೇ ಫೌಜಿ · ಜೂನ್ 5, ಬೆಳಿಗ್ಗೆ 11:20

ಆಮೇಲೇನು. ಮೂರು ನಿಮಿಷ ಸರಿಯಾಗಿತ್ತು. ನಾಲ್ಕನೇ ನಿಮಿಷಕ್ಕೆ ಹಿಂದಿನ ಸಾಲಿನ ಇಬ್ಬರು ಹೆಂಗಸರ ಭುಜ ಆಡಲು ಶುರುವಾಯಿತು. ಒಬ್ಬರು ಕೈ ಎತ್ತಿ ತಿರುಗಿಯೇ ಬಿಟ್ಟರು. ಅವತ್ತು ಯೋಗ ಆಗಲಿಲ್ಲ, ಬೇರೆ ಏನೋ ಆಯಿತು. ಚೆನ್ನಾಗಿತ್ತು.

ಅಡಿಗೆಮನೆ ರೇಡಿಯೋ · ಜೂನ್ 5, ಮಧ್ಯಾಹ್ನ 1:15

ದುಡಿ ಕೇಳಿದ ಮೇಲೆ ಕಾಲು ನಿಲ್ಲುತ್ತದಾ? ವಾಲಗ ಹಾಕಿ ಧ್ಯಾನ ಮಾಡಿ ಅಂದ ಹಾಗಾಯಿತು. ಅದಿರಲಿ, ಹುಷಾರು. ಈಗಿನ ಹುಡುಗರಿಗೆ ಮದುವೆ ಮನೆಯ ವಾಲಗ ಯಾವುದು, ಸಾವಿನ ಮನೆಯದು ಯಾವುದು ಅಂತಲೂ ಗೊತ್ತಿಲ್ಲ. ಇಂಟರ್ನೆಟ್ಟಿನಿಂದ ಯಾವುದೋ ಎತ್ತಿ ಶವಾಸನಕ್ಕೆ ಹಾಕಿಬಿಟ್ಟರೆ ಹೆಸರಿಗೆ ಸರಿ, ಊರಿನವರು ಸುಮ್ಮನಿರಲ್ಲ.

ತೋಟದಮನೆ · ಜೂನ್ 9, ರಾತ್ರಿ 8:30

ನಾಲ್ಕು ದಿನ ಬೇರೆ ಬೇರೆ ಮಾಡಿ ನೋಡಿದೆ, ವರದಿ ಒಪ್ಪಿಸುತ್ತೇನೆ.

ಮೊದಲ ದಿನ ಏನೂ ಇಲ್ಲ. ಮೈಸೂರು ಬಸ್ ಹೇಳಿದ ಹಾಗೆ ಬರೀ ಉಸಿರು. ಕಿವಿ ಮಿಷನ್ ಮಾವನಿಗೆ ಖುಷಿ, "ಇವತ್ತು ನಿನ್ನ ಮಾತು ಪೂರ್ತಿ ಕೇಳಿತು" ಅಂದರು, ಎಡಗಾಲು ಅಂದರೆ ಎಡಗಾಲೇ ಎತ್ತಿದರು. ಉಳಿದವರು ಪಿಸುಪಿಸು ಮಾತಾಡಲು ಶುರು ಮಾಡಿದರು. ಮೌನ ಸಿಕ್ಕಿದರೆ ನಮ್ಮವರು ಅದರಲ್ಲಿ ಕಾಫಿ ರೇಟು ತುಂಬುತ್ತಾರೆ.

ಎರಡನೇ ದಿನ ತಂಬೂರಿ. ಪಿಸುಪಿಸು ನಿಂತಿತು, ಅದು ನಿಜ. ಆದರೆ ಭವನಕ್ಕೆ ಜಿಂಕ್ ಶೀಟು, 6:40ಕ್ಕೆ ಮಳೆ ಹೊಡೆಯಿತು. ತಂಬೂರಿ ಇರಲಿ, ನನ್ನ ಕಿರುಚಾಟವೂ ಕೇಳಲಿಲ್ಲ. ಕೈಯಲ್ಲಿ ತೋರಿಸಿ ಮಾಡಿಸಿದೆ.

ಮೂರನೇ ದಿನ ಕನ್ನಡದ ಎಣಿಕೆ, ಎರಡು ಪಾಲಿನಲ್ಲಿ. ನಾನು ಒಂದರಿಂದ ನಾಲ್ಕು, ಅವರು ಐದರಿಂದ ಎಂಟು. ಇದು ಚೆನ್ನಾಗಿ ಹಿಡಿಯಿತು.

ನಾಲ್ಕನೇ ದಿನ ಆ ಹುಡುಗಿಯ ಜೊತೆ ಚಹಾ. ಏಲಕ್ಕಿ ಚಹಾ ಹೇಳಿದ್ದು ಅಕ್ಷರಕ್ಕೆ ಅಕ್ಷರ ಸರಿ ಇತ್ತು. ಮನೆಯಲ್ಲಿ ಏನಾದರೂ ಅಂದಾರು ಅಂತ ಅಲ್ಲವಂತೆ. "ನನ್ನ ಬಾಯಲ್ಲಿ ಇಲ್ಲದ್ದು ನನ್ನ ಸುತ್ತ ಓಡುತ್ತಿದ್ದರೆ ಆಸನದಲ್ಲಿ ಮನಸ್ಸು ನಿಲ್ಲಲ್ಲ ಅಕ್ಕಾ" ಅಂದಳು.

ಆದರೆ ಗಾಯತ್ರಿ ಅಜ್ಜಿಗೆ ಬೇಜಾರಾಗಿದೆ. ಒಂದು ದಿನ ಬಂದೇ ಇಲ್ಲ. ಈಗ ಅವರಿಗೇನು ಮಾಡಲಿ?

ಜಪಸರ · ಜೂನ್ 9, ರಾತ್ರಿ 9:00

ಭ್ರಾಮರಿ ಮಾಡಿಸುತ್ತೀರಾ? ಇಲ್ಲದಿದ್ದರೆ ಶುರು ಮಾಡಿ. ಕೊನೆಗೆ, ಶವಾಸನಕ್ಕೆ ಮೊದಲು. ಬಾಯಿ ಮುಚ್ಚಿ, ಮೂಗಿನಿಂದ ಉಸಿರು ಬಿಡುತ್ತಾ ಮ್ಮ್ಮ್ ಅಂತ ಜೇನಿನ ಸದ್ದು. ಅದು ಯಾರ ದೇವರ ಹೆಸರೂ ಅಲ್ಲ, ಆದರೆ ಮನಸ್ಸಿನಲ್ಲಿ ಯಾರು ಯಾರ ಹೆಸರು ಬೇಕಾದರೂ ಇಟ್ಟುಕೊಳ್ಳಬಹುದು. ಅಜ್ಜಿಗೆ ಓಂಕಾರದ ಕೊನೆಯ ಮಕಾರ ಅದೇ ಅಲ್ವಾ.

ನರ್ಸ್ ಬುದ್ಧಿ ಬಿಡಲ್ಲ, ಇದನ್ನೂ ಹೇಳುತ್ತೇನೆ. 2002ರಲ್ಲಿ ಸ್ವೀಡನ್ನಿನವರು ಅಳೆದು ನೋಡಿದರು. ಸುಮ್ನೆ ಮೂಗಿನಿಂದ ಉಸಿರು ಬಿಟ್ಟಾಗ ಬರುವ ನೈಟ್ರಿಕ್ ಆಕ್ಸೈಡ್‌ಗಿಂತ ಹೀಗೆ ಗುನುಗಿದಾಗ 15 ಪಟ್ಟು ಬಂತು. ಮೂಗಿನ ಪಕ್ಕದ ಸೈನಸ್ ಗೂಡುಗಳ ಗಾಳಿ ಆ ಅದುರಿಗೆ ಹೊರಗೆ ಬರುತ್ತದೆ. ಇದರಿಂದ ನೆಗಡಿ ವಾಸಿಯಾಗುತ್ತದೆ ಅಂತ ನಾನು ಹೇಳುತ್ತಿಲ್ಲ, ಮಳೆಗಾಲದಲ್ಲಿ ಅದನ್ನೇ ಹಬ್ಬಿಸಬೇಡಿ. ಕಿವಿ ನೋವು, ಕಿವಿ ಸೋರುವುದು ಇದ್ದವರಿಗೆ ಕಿವಿ ಮುಚ್ಚಿಸಿ ಮಾಡಿಸುವುದು ಬೇಡ.

ಶ್ರುತಿಪೆಟ್ಟಿಗೆ · ಜೂನ್ 9, ರಾತ್ರಿ 9:25

ಭ್ರಾಮರಿಗೆ ಶ್ರುತಿ ಹಿಡಿಸಲು ಹೋಗಬೇಡಿ. ಅವರವರ ಗಂಟಲಿಗೆ ಬಂದದ್ದು ಅವರವರು ಗುನುಗಲಿ. ಮೊದಲ ಸುತ್ತು ಅಪಸ್ವರ, ಮೂರನೇ ಸುತ್ತಿಗೆ ತಾನಾಗಿ ಒಂದರ ಹತ್ತಿರ ಒಂದು ಬರುತ್ತದೆ. ನನ್ನ ಮಕ್ಕಳಲ್ಲಿ ನೋಡುತ್ತೇನೆ.

ಶವಾಸನಕ್ಕೆ ಮಾತ್ರ ಸಂಗೀತ ಇರಲಿ ಅಂತ ನನ್ನ ಹಠ. ಮಾತಿಲ್ಲದ್ದು. ಮಾತಿದ್ದರೆ ಮನಸ್ಸು ಅರ್ಥದ ಹಿಂದೆ ಹೋಗುತ್ತದೆ. ನೀಲಾಂಬರಿ ವೀಣೆ ಸಣ್ಣಗೆ. ಸ್ಪೀಕರಿನ ಮುಖ ಗೋಡೆಗೆ ತಿರುಗಿಸಿ, ದೂರದ ಮೂಲೆಯಲ್ಲಿಡಿ, ಕಿಟಕಿ ಮೇಲೆ ತಲೆಯ ಪಕ್ಕ ಬೇಡ. ಕೊನೆಗೆ ಟಕ್ಕನೆ ನಿಲ್ಲಿಸಬೇಡಿ, ಬೆರಳಲ್ಲಿ ನಿಧಾನಕ್ಕೆ ಇಳಿಸಿ.

ಮೈಸೂರು ಬಸ್ · ಜೂನ್ 9, ರಾತ್ರಿ 9:40

ನೀಲಾಂಬರಿ ಜೋಗುಳದ ರಾಗ ಅಲ್ವಾ ಮೇಡಂ? ಶವಾಸನ ಮಲಗುವುದಕ್ಕಲ್ಲ, ಎಚ್ಚರ ಇರುವುದಕ್ಕೆ. ಹಾಗೆ ಮಾಡಿದರೆ 14 ಜನಕ್ಕೂ ಗೊರಕೆ.

ಶ್ರುತಿಪೆಟ್ಟಿಗೆ · ಜೂನ್ 9, ರಾತ್ರಿ 9:44

ನಾಲ್ಕು ಗಂಟೆಗೆ ಎದ್ದು ಹಾಲು ಕರೆದು, ನೀರು ಕಾಯಿಸಿ ಬಂದವರು ಅವರು. ಹತ್ತು ನಿಮಿಷ ನಿದ್ದೆ ಬಂದರೆ ಬರಲಿ ಬಿಡಿ ಸಾರ್. ನಿಮ್ಮ ಎಚ್ಚರ ನೀವು ಇಟ್ಟುಕೊಳ್ಳಿ.

ಮಡಿಕೇರಿ ಮಂಜು · ಜೂನ್ 9, ರಾತ್ರಿ 9:46

ಈ ಜಗಳಕ್ಕೆ ನಾನು ನೀಲಾಂಬರಿ ಪಾರ್ಟಿ.

ತೋಟದಮನೆ · ಜುಲೈ 2, ಸಂಜೆ 7:15

ತುಂಬಾ ದಿನ ಆಯಿತು. ಯೋಗ ದಿನದ ಗಡಿಬಿಡಿ, ಆಮೇಲೆ ಮೂರು ದಿನ ಕರೆಂಟ್ ಇರಲಿಲ್ಲ.

ಈಗ ನಮ್ಮ ಕ್ಲಾಸು ಹೀಗೆ ನಡೆಯುತ್ತಿದೆ. 6 ಗಂಟೆಗೆ ಬಾಗಿಲು ತೆರೆಯುತ್ತೇನೆ. ಗಾಯತ್ರಿ ಅಜ್ಜಿ ಮೊದಲೇ ಬಂದು ಎದುರು ಕೂತು ತಾವೇ ಬಾಯಲ್ಲಿ ಹೇಳುತ್ತಾರೆ. ಬೇಕಾದವರು ಅವರ ಜೊತೆ ಹೇಳುತ್ತಾರೆ, ಬೇಡದವರು 6:15ಕ್ಕೆ ಬರುತ್ತಾರೆ. ಇದನ್ನು ಅಜ್ಜಿಗೆ ಒಪ್ಪಿಸಲು ಅವರ ಮನೆಗೆ ಎರಡು ಸಲ ಹೋಗಬೇಕಾಯಿತು. ಮೊದಲ ಸಲ ಮುಖ ಕೊಡಲಿಲ್ಲ. ಎರಡನೇ ಸಲ "ರೆಕಾರ್ಡಿಗಿಂತ ನಿಮ್ಮ ಬಾಯಲ್ಲೇ ಕೇಳೋಣ" ಅಂದೆ, "ಹಾಗೆ ಹೇಳು ಮತ್ತೆ" ಅಂದರು. ಈಗ ಐದು ಜನ ಅವರ ಹತ್ತಿರ ಸ್ವರ ಕಲಿಯುತ್ತಿದ್ದಾರೆ, ಅಜ್ಜಿ ತಪ್ಪು ಹೇಳಿದವರಿಗೆ ತೊಡೆಗೆ ಒಂದು ಏಟು ಕೊಡುತ್ತಾರೆ.

ಆಸನಕ್ಕೆ ಎಣಿಕೆ, ಎರಡು ಪಾಲು. ಮಳೆ ಜೋರಿದ್ದರೆ ನಾನು ಹಳೇ ಸ್ಟೀಲ್ ತಟ್ಟೆಗೆ ಚಮಚದಲ್ಲಿ ಹೊಡೆಯುತ್ತೇನೆ, ಜಿಂಕ್ ಶೀಟಿನ ಸದ್ದನ್ನು ಮೀರುವುದು ಅದೊಂದೇ. ತಂಬೂರಿ ಪ್ರಾಣಾಯಾಮಕ್ಕೆ ಮಾತ್ರ, ಅದೂ ಬ್ಯಾಟರಿ ಇದ್ದ ದಿನ.

ಭ್ರಾಮರಿಯದ್ದು ಹೇಳಲೇಬೇಕು. ಮೊದಲ ದಿನ ಎಲ್ಲರೂ ನಕ್ಕರು. ಎರಡನೇ ದಿನ ಒಬ್ಬೊಬ್ಬರದು ಒಂದೊಂದು ದಾರಿ. ಒಂದು ವಾರ ಆದ ಮೇಲೆ, ಒಂದು ಬೆಳಿಗ್ಗೆ ಮಳೆ ಇರಲಿಲ್ಲ. ಐದನೇ ಸುತ್ತಿಗೆ ಎಲ್ಲರ ದನಿ ಒಂದಕ್ಕೆ ಬಂದು ಸೇರಿತು, ಕಿಟಕಿ ಗಾಜು ಸಣ್ಣಗೆ ಟರ್ ಅಂತ ಅದುರಿತು. ಕಿವಿ ಮಿಷನ್ ಮಾವ ಮಿಷನ್ ತೆಗೆದು ಪಕ್ಕಕ್ಕೆ ಇಟ್ಟು ಕೂತಿದ್ದರು. ಆಮೇಲೆ ಕೇಳಿದ್ದಕ್ಕೆ "ಇದಕ್ಕೆ ಅದು ಬೇಡ, ತಲೆಬುರುಡೆಯಲ್ಲೇ ಕೇಳುತ್ತದೆ" ಅಂದರು. ಆ ಹುಡುಗಿ ಅಜ್ಜಿಯ ಪಕ್ಕದಲ್ಲೇ ಕೂತಿದ್ದಳು. ಬೇಕಂತ ಕೂತದ್ದಲ್ಲ, ಅಲ್ಲಿ ಮಾತ್ರ ಸೋರುತ್ತಿರಲಿಲ್ಲ.

ಶವಾಸನದ ಜಗಳ ಮುಗಿದಿಲ್ಲ. ಸೋಮ ಬುಧ ಶುಕ್ರ ವೀಣೆ, ಉಳಿದ ದಿನ ಇಲ್ಲ. ಗೊರಕೆ ಎಲ್ಲ ದಿನವೂ ಇದೆ.

ಮೈಸೂರು ಬಸ್ · ಜುಲೈ 2, ಸಂಜೆ 7:40

ಸ್ಟೀಲ್ ತಟ್ಟೆ! ನಾನು ಇಷ್ಟೆಲ್ಲ ಬರೆದದ್ದು ಇದಕ್ಕಾ.

ಅಡಿಗೆಮನೆ ರೇಡಿಯೋ · ಜುಲೈ 2, ರಾತ್ರಿ 8:05

ಆ ಅಜ್ಜಿಗೆ ನನ್ನ ನಮಸ್ಕಾರ ಹೇಳಮ್ಮಾ. ಒಂದು ಬೇರೆ ವಿಷಯ. ನನ್ನ ಯೋಗದ ಚಾಪೆಗೆ ಬೂಷ್ಟು ಬಂದಿದೆ, ಮುಖ ಕೆಳಗೆ ಮಾಡಿ ಮಲಗಿದರೆ ವಾಸನೆ. ಬಿಸಿಲಿಲ್ಲ. ಒಲೆ ಮೇಲಿನ ಅಟ್ಟದಲ್ಲಿ ಇಟ್ಟರೆ ಕರಗುತ್ತದಾ?

ಏಲಕ್ಕಿ ಚಹಾ · ಜುಲೈ 2, ರಾತ್ರಿ 8:11

ಅಟ್ಟದಲ್ಲಿ ಇಡಬೇಡಿ ಅಮ್ಮಾ, ನನ್ನದು ಮುದುರಿಹೋಯಿತು. ವಿನೆಗರ್ ನೀರಲ್ಲಿ ಒರೆಸಿ ಫ್ಯಾನಿನ ಕೆಳಗೆ ಹಾಕಿ.

ಮಡಿಕೇರಿ ಮಂಜು · ಜುಲೈ 2, ರಾತ್ರಿ 8:12

ಫ್ಯಾನಿಗೆ ಕರೆಂಟ್ ಎಲ್ಲಿದೆ?